ಶಾಂತವ್ವನ ಗಂಟಲು ಬೇನೆ

೧೨ ಜೂನ್ ೧೯೫೫, ರವಿವಾರ

ಅಂತೂ ಮೈಸೂರು ಸೀಮಿ ಮುಟ್ಟಿದಿವಿ. ನಿನ್ನೆ ಮುಂಜಾನೆ ಯಶವಂತಪುರದಾಗ ಗಾಡಿ ಇಳಿದು ಎರಡು ಟ್ರಂಕು, ಹಾಸಿಗಿ ಸುರಳಿ, ಜೋಳದ ಚೀಲ, ಬೀಸುಕಲ್ಲು ಎಲ್ಲಾ ಒಂದ ಜಟಕಾದಾಗ ಏರಿಸಿದಿವಿ. ಬೀಸುಕಲ್ಲು ಬ್ಯಾಡ ಅಂತ ಹತ್ತು ಸಲ ಹೇಳಿದ್ದೆ. "ನಿಮ್ಮ ಬೆಂಗಳೂರಾಗ ನಮಗ ಜ್ವಾಳ ಯಾರ ಬೀಸಿ ಕೊಡ್ತಾರ್ರಿ?" ಅಂತ ಶಾಂತವ್ವ ಕೇಳಿದ್ಲು. ಆಕಿ ಕೇಳಿದ ಮ್ಯಾಲೆ ಮುಗೀತು. ಮದುವ್ಯಾಗಿ ಇನ್ನೂ ನಾಕು ತಿಂಗಳು. ಆಕಿ ಮಾತಿಗೆ ಇಲ್ಲ ಅನ್ನೂದು ನನಗಿನ್ನೂ ಬರೂದಿಲ್ಲ.

ಜಟಕಾದವ "ಯಾವೂರು ಸ್ವಾಮಿ?" ಅಂದ. "ಬಾಗಲಕೋಟಿ" ಅಂದೆ. "ಅದು ನಮ್ಮ ದೇಸದಲ್ಲಿಲ್ಲ ಬಿಡಿ" ಅಂದ. ಖರೇ ಮಾತು. ನಾವು ಮುಂಬಯಿ ಸರಕಾರದವರು, ಇವರು ಮೈಸೂರು ಸರಕಾರದವರು. ಹೊರಡುವಾಗ ನಮ್ಮತ್ತಿ ಸ್ಟೇಶನ್ನಿನಾಗ "ನನ್ನ ಮಗಳು ಪರದೇಶಕ್ಕ ಹೊಂಟ್ಲು" ಅಂತ ಅತ್ತಿದ್ರು. ಕನ್ನಡ ಮಾತಾಡೂ ಊರು ಪರದೇಶ ಹೆಂಗಾದೀತು ಅಂತ ನಾ ನಕ್ಕಿದ್ದೆ.

ಮನಿ ರಾಜಾಜಿನಗರದ ಮೊದಲನೇ ಬ್ಲಾಕಿನಾಗ. ದೊಡ್ಡ ಮನಿಯ ಹಿಂದ ಎರಡು ಖೋಲಿ, ಒಂದು ಹಿತ್ತಲ. ರಸ್ತಾ ಎಲ್ಲಾ ನನ್ನಂಥ ನಕ್ಷೆ ಬರೆಯವರು ಪಟ್ಟಿ ಹಿಡಿದು ಗೆರಿ ಎಳೆದಂಗ ನೆಟ್ಟಗ ಅವ. ಮನಿಗಳು ಮಾತ್ರ ಅಲ್ಲೊಂದು ಇಲ್ಲೊಂದು, ನಡುವ ಬರೇ ಕೆಂಪು ಮಣ್ಣು. ಹಿಂದಿನ ಹಳ್ಳಿಯ ಕೋಳಿ ಕೂಗಿದ್ದು ನಮ್ಮ ಅಡಿಗಿಮನಿಗೆ ಕೇಳತೈತಿ.

ಇವತ್ತು ನಸುಕಿನಾಗ ಎಚ್ಚರಾದಾಗ ಶಾಂತವ್ವ ಬೀಸುಕೋತ ಹಾಡಲಿಕ್ಕೆ ಹತ್ತಿದ್ಲು. ಹಾಸಿಗ್ಯಾಗ ಬಿದ್ದುಕೊಂಡು ಕೇಳಿದೆ. ಎಲ್ಲಿಯ ಪರದೇಶ?

೧೫ ಜೂನ್, ಬುಧವಾರ

ಹೊಸ ನೌಕರಿಗೆ ಹಾಜರಾಗಿ ಕಾರಖಾನಿಯ ನಕ್ಷೆ ವಿಭಾಗದಾಗ ಕೂತೆ. ಮುಖ್ಯಸ್ಥರು ಗೋಪೀನಾಥ ಅಂತ, ವಯಸ್ಸು ನಲವತ್ತರ ಒಳಗ. ಮೆತ್ತನ್ನ ಮನಷ್ಯಾ. ಮೊದಲ ನಕ್ಷೆ ಮುಗಿಸಿ "ಸಾಹೇಬ್ರ, ಬರೋಬ್ಬರಿ ಆಗೇತಿ ಏನ ನೋಡ್ರಿ" ಅಂದೆ. ಇಡೀ ಖೋಲಿ ನಕ್ಕಿತು. ಬಾಜೂಕ ಕೂಡೂ ಜಗನ್ನಾಥ ಅನ್ನೂ ಹುಡುಗ ಸಂಜಿತನಕ "ಬರೋಬ್ಬರಿ ಆಗೇತಿ ಗುರು" ಅಂತ ಅನಕೋತ ಇದ್ದ. ನನಗ "ಬರೋಬ್ಬರಿ ಸೋಮು" ಅಂತ ಹೆಸರೂ ಬಿತ್ತು. ಸೋಮಲಿಂಗಪ್ಪ ಅನ್ನಲಿಕ್ಕೆ ಇವರ ನಾಲಿಗಿಗೆ ಭಾರಂತ.

ನಾನೂ ನಕ್ಕೆ. ಮನಿಗೆ ನಡಕೋತ ಬರುವಾಗ ದಾರಿತುಂಬ "ಸರಿಯಾಗಿದೆ ಸಾರ್, ಸರಿಯಾಗಿದೆ ಸಾರ್" ಅಂತ ರೂಢಿ ಮಾಡಿದೆ. ಶಾಂತವ್ವಗ ಹೇಳಲಿಲ್ಲ.

೩ ಜುಲೈ, ರವಿವಾರ

ಹಿಂದಿನ ಹಳ್ಳಿಯ ಮುನಿತಾಯಮ್ಮ ನಮಗ ಹಾಲು ಹಾಕತಾಳ. ಐವತ್ತರ ಹೆಂಗಸು, ದನಿ ಮೈಲು ದೂರಕ್ಕ ಕೇಳತೈತಿ. "ನೀವು ನಿಂತಿರೋದು ನಮ್ಮ ರಾಗಿ ಹೊಲದಾಗೆ ಕಣಪ್ಪಾ. ಬ್ಲಾಕು ಮಾಡ್ತೀವಿ ಅಂತ ಸರ್ಕಾರದೋರು ತಗೊಂಡ್ರು" ಅಂತ ನಕ್ಕೋತ ಹೇಳಿದ್ಲು. ಶಾಂತವ್ವ "ಆಕಳ ಹಾಲೇನ್ರಿ?" ಅಂತ ಕೇಳಿದ್ರ ಆಕಿಗೆ ತಿಳೀಲಿಲ್ಲ. "ಆಕಳಾ? ಹಂಗಂದ್ರೆ? ಓ, ಹಸಾ! ಇಲ್ಲ ಕಣವ್ವಾ, ಎಮ್ಮೇದು." ಆಮ್ಯಾಲೆ ಇಬ್ಬರೂ ಹೊಟ್ಟಿ ಹಿಡಕೊಂಡು ನಕ್ಕರು. ಆಕಿ ಮಾತು ಈಕಿಗೆ ಅರ್ಧ ತಿಳಿಯೂದಿಲ್ಲ, ಈಕಿ ಮಾತು ಆಕಿಗೆ ಅರ್ಧ. ಆದರೂ ತಾಸುಗಟ್ಟಲೆ ಕೂಡತಾರ.

ಮಧ್ಯಾಹ್ನ ಲಾಲಬಾಗಿಗೆ ಹೋಗಿದ್ವಿ. ಬಂಡಿಗಲ್ಲಿನ ಮ್ಯಾಲೆ ಕೂತು ಕಟ್ಟಿಕೊಂಡು ಹೋಗಿದ್ದ ರೊಟ್ಟಿ, ಶೇಂಗಾ ಹಿಂಡಿ ತಿಂದಿವಿ. ಗಾಳಿಗೆ ಆಕಿ ಸೆರಗು ಹಾರಿ ನನ್ನ ಮಾರಿಗೆ ಬಡೀತು. "ಹಿಂಗ ದಿನಾ ಸೂಟಿ ಇದ್ರ ಎಷ್ಟ ಚಲೋರಿ" ಅಂದ್ಲು.

೨೪ ಜುಲೈ, ರವಿವಾರ

ಪಂಚಮಿ. ನಮ್ಮ ಕಡೆ ಇವತ್ತು ಹೆಣ್ಣುಮಕ್ಕಳು ತವರುಮನಿಯಾಗ ಇರತಾರ, ಊರ ತುಂಬ ಜೋಕಾಲಿ. ಇಲ್ಲಿ ಹುತ್ತಕ್ಕೆ ಹಾಲೆರೆದರ ಹಬ್ಬ ಮುಗೀತು. ಶಾಂತವ್ವ ಎರಡು ದಿನದಿಂದ ಸಪ್ಪಗಿದ್ಲು. ಮುನಿತಾಯಮ್ಮ ತನ್ನ ಹಿತ್ತಲದ ಹುಣಸಿ ಮರಕ್ಕ ಎತ್ತಿನ ಹಗ್ಗ ಕಟ್ಟಿ ಕೊಟ್ಲು. ಇಲಕಲ್ಲ ಸೀರಿ ಉಟ್ಟು ಶಾಂತವ್ವ ಕಾಲೂರಿ ಜೀಕಿದ್ದೇ ಜೀಕಿದ್ದು. ಆವಾಗ ಗೋಪೀನಾಥ ಸಾಹೇಬರು, ಅವರ ಹೆಂಡತಿ ಪ್ರಭಾ, ಮುಂದಿನ ಬ್ಲಾಕಿನಾಗ ತಾವು ಹಿಡಿದ ಸೈಟು ನೋಡಲಿಕ್ಕೆ ಬಂದವರು ದಾರ್ಯಾಗ ನಿಂತು ನೋಡಿದರು.

ಮನಿಗೆ ಕರಕೊಂಡು ಬಂದೆ. ಶಾಂತವ್ವ ಓಡಿ ಬಂದು "ಬೀಗರು ಬಂದಾರ, ಬರ್ರಿ, ಒಳಗ ಬರ್ರಿ" ಅಂದ್ಲು. ನಮ್ಮಲ್ಲಿ ಬಂದವರೆಲ್ಲಾ ಬೀಗರ. ಪ್ರಭಾ ಅವರು ಕಣ್ಣರಳಿಸಿ "ಬೀಗರಾ! ನಿಮಗೆ ಮಗ ಹುಟ್ಟಿ, ನಮಗೆ ಮಗಳು ಹುಟ್ಟಿ, ಆಮೇಲಲ್ವೇನ್ರಿ ನಾವು ಬೀಗರಾಗೋದು?" ಅಂದರು. ಎಲೆ ಹಾಕಿ ಶಾಂತವ್ವ "ಊಟಕ್ಕ ಏಳ್ರಿ, ಏಳ್ರಿ" ಅಂತ ಕರೆದ್ಲು. ಸಾಹೇಬರು ಎದ್ದು ನಿಂತು "ಏಳಬೇಕಾ? ಹೊರಡಿ ಅಂತಿದಾರಾ ಸೋಮು?" ಅಂದರು. ಮತ್ತ ನಗಿ. ಎಲ್ಲಾರಿಕಿಂತ ಶಾಂತವ್ವನೇ ಹೆಚ್ಚು ನಕ್ಕಳು. ಪ್ರಭಾ ಅವರು "ಎಷ್ಟು ಮುದ್ದಾಗಿ ಮಾತಾಡ್ತಾರೆ ನಿಮ್ಮ ಮನೆಯವರು! ಇನ್ನೊಂದ್ಸಲ ಹೇಳ್ರಿ" ಅಂದರು. ಈಕಿ ಮತ್ತ ಹೇಳಿದ್ಲು. ಅವರು ಮತ್ತ ನಕ್ಕರು.

ನಾ ಎದ್ದು ಕೈ ತೊಳಕೊಂಡೆ.

೨೫ ಜುಲೈ, ಸೋಮವಾರ

ಸಾಹೇಬರು ಆಫೀಸಿನಾಗ ಯಾರಿಗೋ ಹೇಳ್ಯಾರ. ಟಿಫಿನ್ ಹೊತ್ತಿನಾಗ ಜಗನ್ನಾಥ ನನ್ನ ಮೇಜಿನ ಮುಂದ ಸೆರಗು ಹೊದ್ದವರಂಗ ಕೈ ಮಾಡಿ "ಏಳ್ರಿ, ಊಟಕ್ಕ ಏಳ್ರಿ" ಅಂದ. ನನ್ನ ಮಾತಿಗೆ ನಕ್ಕರ ತಡಕೋಬಹುದು. ಮನಿಯಾಕಿ ಮಾತು ಗಂಡಸರ ಬಾಯಾಗ ಬಿದ್ರ ಹೆಂಗ?

ರಾತ್ರಿ ಶಾಂತವ್ವಗ ಹೇಳಿದೆ: ಇನ್ನ ಮ್ಯಾಲೆ ಇಲ್ಲಿಯವರಂಗ ಮಾತಾಡು. ಆಕಿ ಕೈ ಜೋಡಿಸಿ "ಆಗ್ಲಿ ಸಾರ್" ಅಂದು ನಕ್ಕು ಬಿಟ್ಲು.

೧೪ ಆಗಸ್ಟ್, ಭಾನುವಾರ

ಇವತ್ತಿನಿಂದ ಈ ದಿನಚರಿಯನ್ನೂ ಇಲ್ಲಿಯವರ ಹಾಗೆಯೇ ಬರೆಯುತ್ತೇನೆ. ಕೈ ತಿದ್ದಿದರೆ ಬಾಯಿಯೂ ತಿದ್ದುತ್ತದೆ. ಆಫೀಸಿನಲ್ಲಿ ಈಗ ನಾನು ಬಾಯಿ ತೆಗೆದರೆ ಯಾರೂ ತಿರುಗಿ ನೋಡುವುದಿಲ್ಲ. ಜಗನ್ನಾಥನಿಗೆ "ಸುಮ್ನೆ ಕೂತ್ಕೊ ಮಗಾ" ಎಂದೆ ಮೊನ್ನೆ. ಅವನೇ ಬೆಪ್ಪಾದ.

ಶಾಂತವ್ವನಿಗೆ ದಿನವೂ ಊಟದ ನಂತರ ಪಾಠ. "ಐತಿ ಅಲ್ಲ, ಇದೆ." "ಹೋಗೂಣು ಅಲ್ಲ, ಹೋಗೋಣ." ಮೊದಮೊದಲು ಆಟದ ಹಾಗೆ ಕಲಿತಳು. ಇವತ್ತು ಬೇಕೆಂದೇ ತಪ್ಪು ಹೇಳಿ ನಗುತ್ತಿದ್ದಳು. "ಇದೆ ಅಂದ್ರ ಬಾಯಾಗ ಏನೋ ಇಲ್ಲದಂಗ ಆಗತೈತಿ ನೋಡ್ರಿ" ಎಂದಳು. ನನಗೆ ಸಿಟ್ಟು ಬಂತು. ತಪ್ಪು ಹೇಳಿದ ದಿನ ರೊಟ್ಟಿ ಇಲ್ಲ, ಅನ್ನ ತಿನ್ನು ಎಂದೆ. ಹೇಗೂ ಅವಳು ರೊಟ್ಟಿ ಬಡಿಯುವ ಸದ್ದು ಮುಂದಿನ ಮನೆಯವರಿಗೆ ತೊಂದರೆ. ಅವರು ಏನೂ ಅಂದಿಲ್ಲ, ಆದರೆ ಕೇಳಿಸದೆ ಇರುತ್ತದೆಯೇ?

ಅನ್ನ ತಿಂದಳು. ಒಂದೆರಡು ತುತ್ತು.

೧೮ ಸೆಪ್ಟೆಂಬರ್, ಭಾನುವಾರ

ಮುನಿತಾಯಮ್ಮನ ಜೊತೆ ಹರಟೆ ನಿಲ್ಲಿಸಿದೆ. ನಾನು ಇಲ್ಲಿ ತಿದ್ದುವುದು, ಅವಳು ಹಗಲೆಲ್ಲ "ಓಯ್ತೀನಿ, ಬತ್ತೀನಿ, ಎಣ್ಣು, ಆಲು" ಎಂದು ಕೆಡಿಸುವುದು. ಹಾಲು ತೆಗೆದುಕೊಂಡು ಬಾಗಿಲು ಹಾಕಿಕೊಳ್ಳಬೇಕು ಎಂದು ಹೇಳಿದ್ದೇನೆ. ಬೀಸುಕಲ್ಲನ್ನೂ ಹಿತ್ತಲಿನ ಮೂಲೆಗೆ ಹಾಕಿಸಿದೆ. ನಸುಕಿನಲ್ಲಿ ಆ ಹಾಡು ಕೇಳಿ ಯಾರಾದರೂ ಏನೆಂದುಕೊಂಡಾರು? ಹಳ್ಳಿ ತಂದು ಬ್ಲಾಕಿನಲ್ಲಿ ಇಟ್ಟ ಹಾಗೆ.

ಶಾಂತವ್ವ ಸಂಜೆ ಬಾಗಿಲ ಹತ್ತಿರ ಕೂತಿದ್ದಳು. "ಹಂಗಾರ ನಾ ಯಾರ ಜೋಡಿ ಮಾತಾಡ್ಲಿರೀ?" ಎಂದು ಕೇಳಿದಳು.

"ಯಾರ ಜೋಡಿ ಅಲ್ಲ, ಯಾರ ಜೊತೆ" ಎಂದೆ.

"ಯಾರ ಜೊತೆ ಮಾತಾಡಲಿ?" ಎಂದಳು.

ಈ ಸಲ ಸರಿಯಾಗಿ ಬಂತು. ಮನಸ್ಸು ಕೊಟ್ಟರೆ ಬರುತ್ತದೆ.

೨೭ ಅಕ್ಟೋಬರ್, ಗುರುವಾರ

ಮೈಸೂರು ದಸರಾ ನೋಡಿಕೊಂಡು ವಾಪಸ್ಸು ಬಂದೆವು. ಗೋಪೀನಾಥ ದಂಪತಿಗಳೇ ಕರೆದಿದ್ದರು. ಇಂಥ ಮರ್ಯಾದೆ ನಮ್ಮ ವಿಭಾಗದಲ್ಲಿ ಬೇರೆ ಯಾರಿಗೂ ಸಿಕ್ಕಿಲ್ಲ. ಏಪ್ರಿಲ್‌ನಲ್ಲಿ ಹಿರಿಯ ಡ್ರಾಫ್ಟ್ಸ್‌ಮನ್ ಜಾಗ ಖಾಲಿಯಾಗುತ್ತದೆಂದು ಸಾರ್ ರೈಲಿನಲ್ಲೇ ಹೇಳಿದರು. ನನ್ನ ಮುಖ ನೋಡಿ ಹೇಳಿದರು.

ರೈಲು ಬಿಡದಿ ದಾಟಿರಲಿಲ್ಲ, ಪ್ರಭಾ ಅವರು ಶಾಂತವ್ವನ ಕಡೆ ತಿರುಗಿ "ಏನ್ರೀ, ಇವತ್ತು ನಮಗೆ ಊಟಕ್ಕೆ ಏಳಿ ಅನ್ನಲ್ವಾ?" ಎಂದರು. ಪಕ್ಕದ ಸೀಟಿನವರೂ ಕಿವಿ ಕೊಟ್ಟಿದ್ದರು. ಅವಳು ಬಾಯಿ ತೆರೆಯುವ ಮೊದಲೇ ನಾನು "ಅವಳಿಗೆ ಗಂಟಲು ಬೇನೆ. ಮಾತೇ ಆಡಬಾರದು ಅಂದಿದ್ದಾರೆ ಡಾಕ್ಟ್ರು" ಎಂದುಬಿಟ್ಟೆ. ಎಲ್ಲಿಂದ ಬಂತೋ ಆ ಮಾತು. ಶಾಂತವ್ವ ನನ್ನನ್ನು ನೋಡಿದಳು. ನಾನು ಕಿಟಕಿಯ ಹೊರಗೆ ನೋಡಿದೆ. ಪ್ರಭಾ ಅವರು ಅಯ್ಯೋ ಪಾಪ ಎಂದು ಚೀಲದಿಂದ ಲವಂಗ ತೆಗೆದುಕೊಟ್ಟರು. ಅವಳು ಬಾಯಿಗೆ ಹಾಕಿಕೊಂಡಳು. ಅಲ್ಲಿಗೆ ಮುಗಿಯಿತು. ಎಷ್ಟು ಸುಲಭ!

ಜಂಬೂಸವಾರಿಯ ದಿನ ಮಾತ್ರ ಎಲ್ಲ ಕೆಡುವುದರಲ್ಲಿತ್ತು. ಆನೆ ನಮ್ಮ ಎದುರಿಗೇ ಬಂದಾಗ ಅವಳು ಮರೆತು "ಯಪ್ಪಾ!" ಎಂದು ಕೂಗಿದಳು. ತೋಳು ಹಿಡಿದು ಚಿವುಟಿದೆ. ವಾದ್ಯದ ಸದ್ದಿನಲ್ಲಿ ಅವರಿಗೆ ಕೇಳಿಸಲಿಲ್ಲ. ಇವತ್ತು ನೋಡಿದರೆ ತೋಳಿನ ಮೇಲೆ ನೀಲಿಗಟ್ಟಿದೆ. ಸ್ವಲ್ಪ ಜೋರಾಯಿತೇನೋ. ಕೊಬ್ಬರಿ ಎಣ್ಣೆ ಹಚ್ಚು ಎಂದೆ.

ಒಟ್ಟಿನಲ್ಲಿ ಪ್ರವಾಸ ಬಹಳ ಚೆನ್ನಾಗಿತ್ತು.

೧೧ ಡಿಸೆಂಬರ್, ಭಾನುವಾರ

ಗಂಟಲು ಬೇನೆಯ ಮಾತು ಒಂದು ಸಲ ಹೇಳಿದ ಮೇಲೆ ಹಿಂದಕ್ಕೆ ತೆಗೆದುಕೊಳ್ಳಲು ಬರುವುದಿಲ್ಲ. ಪ್ರಭಾ ಅವರು ವಾರಕ್ಕೊಮ್ಮೆ ವಿಚಾರಿಸುತ್ತಾರೆ. ಗಂಟಲಲ್ಲಿ ಗಂಟಿದೆ, ಒಂದು ವರ್ಷ ಮೌನ ಇರಬೇಕಂತೆ ಎಂದಿದ್ದೇನೆ. ಅಷ್ಟರಲ್ಲಿ ಇವಳ ಮಾತು ತಿದ್ದಿರುತ್ತದೆ. ಮುಂದಿನ ಮನೆಯವರಿಗೂ ಹಾಗೇ ಹೇಳಿದೆ. ಒಬ್ಬರಿಗೊಂದು ಒಬ್ಬರಿಗೊಂದು ಹೇಳಿದರೆ ಸಿಕ್ಕಿಬೀಳುತ್ತೇವೆ.

ಮನೆಯಲ್ಲೂ ಅವಳು ಹೆಚ್ಚು ಮಾತಾಡುತ್ತಿಲ್ಲ. ನನಗೆ ಓದುವುದಕ್ಕೆ ಹೊತ್ತು ಸಿಗುತ್ತಿದೆ.

೧೪ ಜನವರಿ ೧೯೫೬, ಶನಿವಾರ

ಸಂಕ್ರಾಂತಿ. ಪ್ರಭಾ ಅವರು ಎಳ್ಳು ಬೀರಲು ತಾವೇ ಬಂದರು. ಎಳ್ಳು, ಬೆಲ್ಲ, ಕಬ್ಬಿನ ತುಂಡು ಶಾಂತವ್ವನ ಕೈಗಿಟ್ಟು ಅಭ್ಯಾಸಬಲದಿಂದ "ಎಳ್ಳು ಬೆಲ್ಲ ತಿಂದು ಒಳ್ಳೇ ಮಾತಾಡಿ" ಎಂದುಬಿಟ್ಟರು. ತಕ್ಷಣ ನಾಲಿಗೆ ಕಚ್ಚಿಕೊಂಡು "ಅಯ್ಯೋ, ತಪ್ಪು ತಿಳ್ಕೋಬೇಡೀಮ್ಮಾ" ಎಂದು ಅವಳನ್ನು ಅಪ್ಪಿಕೊಂಡರು. ಶಾಂತವ್ವನ ಕಣ್ಣಲ್ಲಿ ನೀರು ಬಂತು, ತುಟಿ ಅದುರಿತು. ಎಲ್ಲಿ ಬಾಯಿ ಬಿಡುತ್ತಾಳೋ ಎಂದುಕೊಂಡೆ. ಬಿಡಲಿಲ್ಲ. ತಲೆ ಆಡಿಸಿ ಒಳಗೆ ಹೋದಳು.

ಅವರು ಹೋದ ಮೇಲೆ "ಜಾಣೆ ಕಣೇ ನೀನು" ಎಂದೆ. ಅವಳು ನೆಲ ನೋಡುತ್ತ, ತಿಂಗಳಾಯಿತು ಹೊರಗೆ ಕೂತಿಲ್ಲ ಎಂದಳು. ನಾನು ತಂದೆಯಾಗುತ್ತೇನೆ! ಬರುವ ಮಗು ಬೆಂಗಳೂರಿನ ಕನ್ನಡವನ್ನೇ ಮೊದಲು ಕೇಳಬೇಕು. ಅದಕ್ಕಾದರೂ ನೀನು ಕಲಿಯಬೇಕು ಎಂದೆ. ಬಾಣಂತನಕ್ಕೆ ತವರಿಗೆ ಕಳಿಸುವ ವಿಚಾರ ಆಮೇಲೆ ನೋಡೋಣ. ಅಲ್ಲಿಗೆ ಹೋದರೆ ಕಲಿತದ್ದೆಲ್ಲ ನೀರುಪಾಲು.

೪ ಮಾರ್ಚ್, ಭಾನುವಾರ

ಪೇಟೆಯಿಂದ ಬೇಗ ಬಂದೆ. ಹಿತ್ತಲಲ್ಲಿ ಮುನಿತಾಯಮ್ಮ ಕೂತಿದ್ದಾಳೆ, ಇವಳು ಅವಳ ತೊಡೆಯ ಮೇಲೆ ತಲೆಯಿಟ್ಟು ಅಳುತ್ತಿದ್ದಾಳೆ. ಪಕ್ಕದಲ್ಲಿ ಮಾವಿನಮಿಡಿ, ಉಪ್ಪು. ಅಳುತ್ತ ಮಾತಾಡುತ್ತಿದ್ದಳು, ಹಳೆಯ ಮಾತಿನಲ್ಲೇ, ಅಣೆಕಟ್ಟು ಒಡೆದ ಹಾಗೆ. ಆರು ತಿಂಗಳ ಪಾಠ!

ನಾನು ಕೂಗಾಡಲಿಲ್ಲ. ನಾಳೆಯಿಂದ ಹಾಲು ಬೇಡ ಎಂದಷ್ಟೇ ಹೇಳಿದೆ. ಮುನಿತಾಯಮ್ಮ ಎದ್ದು ಸೆರಗು ಕೊಡವಿಕೊಂಡು "ಆಲು ಬೇಡ್ದಿದ್ರೆ ಬಿಡಿ ಸಾಮಿ. ಬಸ್ರಿ ಎಂಗ್ಸು, ನಾಕು ಮಾತಾದ್ರೂ ಕೊಡಿ" ಎಂದಳು. ಬಾಗಿಲು ಹಾಕಿದೆ.

ಈಗ ಸೈಕಲ್ಲಿನವನ ಹತ್ತಿರ ಹಾಲು. ನೀರು ಜಾಸ್ತಿ, ಮಾತಿಲ್ಲ.

೩ ಏಪ್ರಿಲ್, ಮಂಗಳವಾರ

ಮೊನ್ನೆ ಭಾನುವಾರ ಗೋಪೀನಾಥ ಸಾರ್ ಬಾಡಿಗೆ ಕಾರು ಮಾಡಿ ನಮ್ಮನ್ನು ನಂದಿಬೆಟ್ಟಕ್ಕೆ ಕರೆದುಕೊಂಡು ಹೋದರು. ಆದದ್ದನ್ನು ಆದ ಹಾಗೆಯೇ ಬರೆಯುತ್ತೇನೆ, ಮುಂದೆ ಯಾರೂ ನನ್ನ ಮೇಲೆ ಹೇಳಬಾರದು.

ಬೆಳಿಗ್ಗೆ ಹೊರಡುವಾಗ ಶಾಂತವ್ವ ಹೊಟ್ಟೆ ಮುಟ್ಟಿಕೊಂಡು ನೋಯುತ್ತದೆ ಎಂದು ಸನ್ನೆ ಮಾಡಿದಳು. ಮನೆಯೊಳಗೂ ಈಗ ಸನ್ನೆಯೇ ಅವಳಿಗೆ ರೂಢಿ. ಕಾರು ಬಾಗಿಲಿಗೆ ಬಂದಿತ್ತು. ಬಡ್ತಿಯ ತೀರ್ಮಾನ ಆ ವಾರವೇ. ಕೂತರೆ ಸರಿಹೋಗುತ್ತದೆ ಎಂದೆ.

ಬೆಟ್ಟದ ಮೇಲೆ ಪ್ರಭಾ ಅವರು ಚಿತ್ರಾನ್ನ, ಕೋಸಂಬರಿ ಬಡಿಸಿದರು. ಇವಳು ಮುಟ್ಟಲಿಲ್ಲ. ಸಾರ್ ಕಾರ್ಖಾನೆಗೆ ಬರುವ ಹೊಸ ಯಂತ್ರದ ವಿಷಯ ಹೇಳುತ್ತಿದ್ದರು. ಇವಳು ನನ್ನ ತೋಳು ಎಳೆದಳು. ಸುಮ್ಮನಿರು ಎಂದು ಕಣ್ಣು ಮಾಡಿದೆ. ಸ್ವಲ್ಪ ಹೊತ್ತಿಗೆ ಮತ್ತೆ ಎಳೆದಳು. ಕೈ ಬಿಡಿಸಿಕೊಂಡೆ. ಪ್ರಭಾ ಅವರು "ಯಾಕ್ರೀ, ಮುಖ ಬಿಳಿಚಿಕೊಂಡಿದೆ?" ಎಂದರು. "ಎತ್ತರ ಅಂದ್ರೆ ಭಯ ಇವಳಿಗೆ" ಎಂದೆ. ಶಾಂತವ್ವ ಕಲ್ಲಿಗೆ ಒರಗಿ, ತುಟಿ ಕಚ್ಚಿಕೊಂಡು, ಹಾಗೇ ಕೂತಳು.

ಇಳಿಯುವಾಗ ಕಾರಿನಲ್ಲಿ ಒಮ್ಮೆಲೇ ಕೂಗಿದಳು. "ಯವ್ವಾ! ಸಾಯ್ತೀನ್ರೀ! ಯಾರರ ಹಿಡೀರೀ ನನ್ನ!" ಎಂದು ಬೆಟ್ಟವೆಲ್ಲ ಕೇಳುವ ಹಾಗೆ. ಡ್ರೈವರು ಗಾಬರಿಯಿಂದ ಕಾರು ನಿಲ್ಲಿಸಿದ. ಸೀಟಿನ ಮೇಲೆಲ್ಲ ರಕ್ತ. ಪ್ರಭಾ ಅವರು ಅವಳನ್ನು ತಬ್ಬಿಕೊಂಡವರು ತಲೆಯೆತ್ತಿ ನನ್ನನ್ನು ನೋಡಿ, "ಇವರ ಗಂಟಲಿಗೆ ಏನೂ ಆಗಿಲ್ಲ" ಎಂದರು. ಆ ಹೊತ್ತಿನಲ್ಲಿ ಹೇಳಬೇಕಾದ ಮಾತೇ ಅದು?

ಆಸ್ಪತ್ರೆ ಮುಟ್ಟುವ ಹೊತ್ತಿಗೆ ಮಗು ಹೋಗಿತ್ತು. ಗಂಡಂತೆ.

ಬೆಳಿಗ್ಗೆಯೇ ಬಾಯಿಬಿಟ್ಟು ಒಂದು ಮಾತು ಹೇಳಿದ್ದರೆ ನಾನು ಪ್ರಯಾಣವನ್ನೇ ನಿಲ್ಲಿಸುತ್ತಿದ್ದೆ.

೯ ಏಪ್ರಿಲ್, ಸೋಮವಾರ

ಗೋಪೀನಾಥ ಸಾರ್ ಒಳಗೆ ಕರೆದು ಬಾಗಿಲು ಮುಚ್ಚಿದರು. "ಯಾಕ್ರೀ ಸುಳ್ಳು ಹೇಳಿದ್ರಿ?" ಎಂದರು.

"ಅವಳ ಮಾತು ಒರಟು ಸಾರ್. ನಿಮ್ಮಂಥವರ ಮುಂದೆ..."

"ಅವತ್ತು ನಾವು ನಕ್ಕಿದ್ದು ಖುಷಿಗೆ ಕಣ್ರೀ. ಆ ತಾಯಿ ಊಟಕ್ಕೆ ಕರೆದ ಹಾಗೆ ನಮ್ಮನ್ನ ಈ ಊರಲ್ಲಿ ಯಾರೂ ಕರೆದಿಲ್ಲ. ನಮ್ಮನೆಯವರು ಒಂದು ವಾರದಿಂದ ಅಳ್ತಾ ಇದ್ದಾರೆ, ತಾನು ನಕ್ಕಿದ್ದಕ್ಕೇ ಹೀಗಾಯ್ತು ಅಂತ."

ಹಿರಿಯ ಡ್ರಾಫ್ಟ್ಸ್‌ಮನ್ ಜಾಗ ಜಗನ್ನಾಥನಿಗೆ ಆಯಿತು. ಸಂಜೆ ನೋಟೀಸು ಹಾಕಿದ್ದಾರೆ. ಕೆಲಸ ನೋಡಿ ಕೊಟ್ಟಿದ್ದೇವೆ ಎನ್ನುತ್ತಾರೆ. ಎಲ್ಲ ಆ ಒಂದು ಕೂಗಿನಿಂದ. ಅಷ್ಟು ತಿಂಗಳು ತಡೆದವಳಿಗೆ ಇನ್ನರ್ಧ ತಾಸು ತಡೆಯಲಾಗಲಿಲ್ಲ.

ಇದನ್ನು ಅವಳಿಗೂ ಹೇಳಿದೆ. ಅವಳು ಗೋಡೆಯ ಕಡೆ ಮಲಗಿದ್ದಳು. ಕೇಳಿಸಿತೋ ಇಲ್ಲವೋ.

೧೬ ಏಪ್ರಿಲ್, ಸೋಮವಾರ

ಮುನಿತಾಯಮ್ಮ ಕರೆಯದೆ ಬಂದು ದಿನಾ ಶಾಂತವ್ವನಿಗೆ ಬಿಸಿನೀರು ಹಾಕಿ, ಅಡುಗೆಯನ್ನೂ ಮಾಡುತ್ತಿದ್ದಾಳೆ. ನನಗೆ ಅಡುಗೆ ಬರುವುದಿಲ್ಲ, ಬೇಡ ಎನ್ನುವಂತಿರಲಿಲ್ಲ. ಹೋಗುವಾಗ ಬಾಗಿಲಲ್ಲಿ ನಿಂತು, "ಕರ ಸತ್ರೆ ಹಸುನೂ ಅರಚ್ತದೆ ಸಾಮಿ. ಈ ಎಣ್ಣು ಒಂದು ದಪಾನೂ ಅಳಲಿಲ್ಲ. ಬಾಯಿಗೆ ಏನ್ ತುರುಕಿದ್ರಿ?" ಎಂದಳು.

ಈ ಜನಕ್ಕೆ ಎಲ್ಲದಕ್ಕೂ ದನವೇ ಉದಾಹರಣೆ.

೨೦ ಮೇ, ಭಾನುವಾರ

ಮಾತಿಲ್ಲ. ಸೆಕೆ.

೧ ಜುಲೈ, ಭಾನುವಾರ

ಇವತ್ತು ಒಂದು ಒಳ್ಳೆಯ ಸುದ್ದಿ ಬರೆಯಬೇಕು. ಬೆಳಿಗ್ಗೆ ಶಾಂತವ್ವ ತಾನಾಗಿ "ನಲ್ಲಿಯಲ್ಲಿ ನೀರು ನಿಂತುಹೋಗಿದೆ" ಎಂದಳು. ನಾನು ಪತ್ರಿಕೆ ಕೆಳಗಿಟ್ಟೆ. ಮಧ್ಯಾಹ್ನ "ಊಟಕ್ಕೆ ಬನ್ನಿ" ಎಂದಳು. ಒಂದು ಅಕ್ಷರ ಆ ಕಡೆಗಿಲ್ಲ, ಈ ಕಡೆಗಿಲ್ಲ. ಪ್ರಭಾ ಅವರು ಮಾತಾಡಿದ ಹಾಗೆಯೇ ಇತ್ತು. ಇಷ್ಟು ದಿನ ಒಳಗೊಳಗೇ ಕಲಿತಿದ್ದಾಳೆ!

ಸಂತೋಷಕ್ಕೆ ಮಲ್ಲಿಗೆ ತಂದುಕೊಟ್ಟೆ. "ಥ್ಯಾಂಕ್ಸ್" ಎಂದಳು. ಅದನ್ನು ನಾನು ಕಲಿಸಿರಲಿಲ್ಲ.

೨೬ ಆಗಸ್ಟ್, ಭಾನುವಾರ

ಪ್ರಭಾ ಅವರು ಮೂರನೇ ಸಲ ಶಾಂತವ್ವನನ್ನು ನೋಡಲು ಬಂದರು. ಇವಳು ಕಾಫಿ ಕೊಟ್ಟು "ಚೆನ್ನಾಗಿದೀವಿ, ನೀವು ಚೆನ್ನಾಗಿದೀರಾ?" ಎಂದಳು. ಪ್ರಭಾ ಅವರು ಅವಳ ಕೈ ಹಿಡಿದು "ಶಾಂತಾ, ನಿಮ್ಮೂರ ಮಾತಲ್ಲೇ ಬೈದುಬಿಡಿ ನನ್ನನ್ನ. ಬೇಕಾದ್ರೆ ಹೊಡೀರಿ" ಎಂದು ಅತ್ತರು. ಇವಳು ಕೈ ಬಿಡಿಸಿಕೊಂಡು "ಸಕ್ಕರೆ ಸಾಕಾ?" ಎಂದಳು.

ದೊಡ್ಡವರ ಮನೆಯ ಹೆಂಗಸರಿಗೆ ಅಳುವುದಕ್ಕೂ ಪುರುಸೊತ್ತು ಇರುತ್ತದೆ.

೩ ನವೆಂಬರ್ ೧೯೫೬, ಶನಿವಾರ

ಗುರುವಾರ ಹೊಸ ರಾಜ್ಯವಾಯಿತು. ಬಾಗಲಕೋಟೆ, ಧಾರವಾಡ, ಗುಲ್ಬರ್ಗ ಎಲ್ಲ ಈಗ ಮೈಸೂರಿಗೇ ಸೇರಿವೆ. ನಿನ್ನೆ ಬೆಳಿಗ್ಗೆ ಶಾಂತವ್ವನ ಅಣ್ಣ ರಾಚಪ್ಪ ಹೇಳದೆ ಕೇಳದೆ ಬಂದಿಳಿದ. ತಲೆಗೆ ರುಮಾಲು, ಹೆಗಲ ಮೇಲೆ ಜೋಳದ ಗಂಟು. ಬಾಗಿಲಲ್ಲೇ ನಿಂತು "ಈಗ ನಾವೂ ನೀವೂ ಒಂದ ಸರಕಾರದವರಾದ್ವಿ! ದೀಪಾವಳಿಗೆ ತಂಗೀನ ಕರಕೊಂಡ ಹೋಗಾಕ ಬಂದೀನಿ" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿದ. ಮುಂದಿನ ಮನೆಯವರು ಇಣುಕಿದರು.

ಶಾಂತವ್ವ ಒಳಗಿನಿಂದ ಬಂದಳು. "ಬನ್ನಿ ಅಣ್ಣ, ಕೂತ್ಕೊಳ್ಳಿ. ಪ್ರಯಾಣ ಚೆನ್ನಾಗಿ ಆಯ್ತಾ? ಕಾಫಿ ಮಾಡ್ಲಾ?" ಎಂದಳು.

ನಮ್ಮ ಕಡೆ ಒಡಹುಟ್ಟಿದ ಅಣ್ಣನನ್ನು ಯಾರೂ 'ನೀವು' ಅನ್ನುವುದಿಲ್ಲ. ರಾಚಪ್ಪ ಮೊದಲು ನಕ್ಕ. "ಏ ಹುಚ್ಚಿ, ಚಾಷ್ಟಿ ಸಾಕು. ಯಾಕ ಇಷ್ಟ ಸೊರಗೀದಿ? ಬಾ ಇಲ್ಲೆ" ಎಂದು ಕೈ ಚಾಚಿದ. ಅವಳು ಕಾಫಿ ತಂದು ಅವನ ಮುಂದಿಟ್ಟು, ದೂರದಲ್ಲಿ ಗೋಡೆಗೆ ನಿಂತಳು.

"ಅವ್ವ ನಿನ್ನ ಸಲವಾಗಿ ಊಟ ಬಿಟ್ಟಾಳ ಶಾಂತಿ. ಕೂಸು ಹೋದ ಸುದ್ದಿ ಗೊತ್ತಾದಾಗಿಂದ ಮಲಗಿದಲ್ಲೇ ಅದಾಳ. ಬಟ್ಟಿ ಕಟ್ಟಕೋ, ಹೋಗೂಣು."

"ಆಗಲ್ಲ ಅಣ್ಣ. ನಾನಿಲ್ದಿದ್ರೆ ಇವರಿಗೆ ಊಟಕ್ಕೆ ತೊಂದರೆ ಆಗುತ್ತೆ. ಅಮ್ಮನನ್ನ ಕೇಳ್ದೆ ಅಂತ ಹೇಳಿ."

"ಅಮ್ಮ? ಯಾರ ಅಮ್ಮ?" ರಾಚಪ್ಪನ ದನಿ ಒಡೆಯಿತು. "ಅವ್ವ ಅನ್ನು ತಂಗಿ. ಒಂದ ಸಲ ಅವ್ವ ಅನ್ನು. ಬರದಿದ್ರ ಬ್ಯಾಡ. ಅಷ್ಟು ಅಂದು ಕಳಸು ನನ್ನ."

ಶಾಂತವ್ವ ಅವನನ್ನೇ ನೋಡಿದಳು. ಅವಳ ಗಂಟಲು ಒಮ್ಮೆ ಮೇಲೆ ಕೆಳಗೆ ಆಯಿತು. ಎಲ್ಲಿ ಹಳೆಯದಕ್ಕೆ ತಿರುಗುತ್ತಾಳೋ ಎಂದು ನಾನು ನೋಡುತ್ತಿದ್ದೆ. "ಕಾಫಿ ಆರಿಹೋಗುತ್ತೆ, ಕುಡೀರಿ" ಎಂದಳು. ಒಂದೇ ಒಂದು ತಪ್ಪಿಲ್ಲ! ಒಡಹುಟ್ಟಿದವನ ಎದುರಿಗೂ ಜಾರಲಿಲ್ಲ. ನಿಜ ಹೇಳುತ್ತೇನೆ, ನನಗೆ ಹೆಮ್ಮೆಯಾಯಿತು.

ರಾಚಪ್ಪ ಕಾಫಿ ಕುಡಿಯಲಿಲ್ಲ, ಊಟಕ್ಕೂ ನಿಲ್ಲಲಿಲ್ಲ. ಯಶವಂತಪುರಕ್ಕೆ ನಾನೇ ಬಿಡಲು ಹೋದೆ. ಪ್ಲಾಟ್‌ಫಾರಂ ಮೇಲೆ ಜನರ ನಡುವೆ ರುಮಾಲಿನಿಂದ ಮುಖ ಒರೆಸಿಕೊಳ್ಳುತ್ತ "ಸೋಮಲಿಂಗಪ್ಪಾರ, ನಿಮ್ಮ ಕಾಲು ಹಿಡೀತೀನಿ. ನನ್ನ ತಂಗೀನ ಎಲ್ಲಿಟ್ಟೀರಿ?" ಎಂದ. ಎದುರಿಗೇ ನಿಂತು ಕಾಫಿ ಕೊಟ್ಟಳಲ್ಲ! ಏನೆಂದು ಉತ್ತರ ಕೊಡುವುದು ಇಂಥವರಿಗೆ? ಎಲ್ಲರೂ ನಮ್ಮನ್ನೇ ನೋಡುತ್ತಿದ್ದರು. ಗಾಡಿ ಬರುವವರೆಗೂ ನಾನು ಸ್ವಲ್ಪ ದೂರ ನಿಂತೆ.

ಮನೆಗೆ ಬಂದಾಗ ಶಾಂತವ್ವ ದೀಪ ಹಚ್ಚಿ ಮುಗಿಸಿದ್ದಳು. ಅಡುಗೆಯೂ ಆಗಿತ್ತು. ಎಷ್ಟು ಚೆನ್ನಾಗಿ ಮಾತಾಡಿದೆ ಇವತ್ತು ಎಂದು ಹೇಳಿದೆ. ಅವಳು ಸಾರು ಬಡಿಸಿದಳು. ಭಾನುವಾರ ರಜೆಯಿದೆ, ಎಲ್ಲಾದರೂ ತಿರುಗಾಡಿಕೊಂಡು ಬರೋಣವೇ ಎಂದು ಕೇಳಿದೆ.

"ನಿಮ್ಮಿಷ್ಟ" ಎಂದಳು.

ಬಹಳ ಸ್ವಚ್ಛವಾದ ಉಚ್ಚಾರ.